ಯಾವ ಬೀಜ ಮನೆಯದು, ಯಾವ ಬೀಜ ಅಂಗಡಿಯದು

ಮುಂಗಾರಿನ ಹದ ಬೀಳುತ್ತಿದ್ದಂತೆ ಹುಣಸೂರಿನ ಗೊಬ್ಬರದಂಗಡಿಗಳ ಮುಂದೆ ಒಂದು ಮಾತು ವರ್ಷವರ್ಷವೂ ಕಿವಿಗೆ ಬೀಳುತ್ತದೆ: "ಮನೇ ರಾಗಿ ಬಿತ್ತಬೇಡಿ, ಹಳೇ ಬೀಜದಲ್ಲಿ ಶಕ್ತಿ ಇರಲ್ಲ." ಹೀಗೆ ಹೇಳುವವರಲ್ಲಿ ನಮ್ಮೂರಿನ ಹಿರಿಯರೂ ಇದ್ದಾರೆ, ಡಿಗ್ರಿ ಓದಿದ ಹುಡುಗರೂ ಇದ್ದಾರೆ. ಯಾಕೆ ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಅದೇ ಬೀಜ, ಅದೇ ಹೊಲ, ಅದೇ ವಂಶ ಎಷ್ಟು ವರ್ಷ ನಡೆದೀತು? ಹೊಸ ರಕ್ತ ಬೇಡವೇ? ಮುಸುಕಿನ ಜೋಳಕ್ಕೆ ಈ ಮಾತು ಸರಿಯಾಗಿ ಹೊಂದುತ್ತದೆ. ರಾಗಿಗೆ ಹೊಂದುವುದಿಲ್ಲ. ಭತ್ತಕ್ಕೂ ಇಲ್ಲ, ಅವರೆಗೂ ಇಲ್ಲ, ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಸಾಲ ತೀರಿಸುವ ಹೊಗೆಸೊಪ್ಪಿಗೂ ಇಲ್ಲ. ಯಾವ ಬೆಳೆಗೆ ಹೊಂದುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಆ ಗಿಡದ ಹೂವಿನಲ್ಲಿದೆ. ಹೂವನ್ನು ನೋಡದೆ ಬೀಜದ ಮಾತು ಆಡಿದರೆ ಬೇಕಿಲ್ಲದ ಕಡೆ ದುಡ್ಡು ಸುರಿಯುತ್ತೇವೆ, ಬೇಕಾದ ಕಡೆ ಬೆಳೆ ಕಳೆದುಕೊಳ್ಳುತ್ತೇವೆ.

ನಾನು ಲಕ್ಷ್ಮಣತೀರ್ಥದ ಬದಿಯ ಹಳ್ಳಿಯೊಂದರ ಸೊಸೆ. ತವರು ಪಿರಿಯಾಪಟ್ಟಣ ತಾಲ್ಲೂಕು. ಅಣ್ಣನಿಗೆ ಇವತ್ತಿಗೂ ಸೊಪ್ಪು ಹದಮಾಡುವ ಬ್ಯಾರನ್ ಇದೆ, ಹೊಗೆಸೊಪ್ಪೇ ಅವನ ಬದುಕು. ತಂಗಿಯನ್ನು ಕೊಟ್ಟಿರುವುದು ಕೃಷ್ಣರಾಜನಗರದ ಕಡೆಗೆ, ನಾಲೆ ಬಯಲಿನ ಭತ್ತದ ಮನೆಗೆ. ನನ್ನ ಅತ್ತೆ ಹೆಗ್ಗಡದೇವನಕೋಟೆಯವರು. ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದ್ದೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಬೀಜವನ್ನು ಒಂದೇ ತೆನೆಯಿಂದ ಎತ್ತಿಡಬಹುದು, ಯಾವುದನ್ನು ಹೊಲದ ತುಂಬ ಓಡಾಡಿ ಕೂಡಿಸಬೇಕು ಎಂಬುದು ಅವರಿಗೆ ಕೈಗೆ ಹತ್ತಿದ ಕೆಲಸವಾಗಿತ್ತು. ನಾನು ಪುಸ್ತಕದಲ್ಲಿ ಓದಿದ್ದನ್ನು ಹೊಲದಲ್ಲಿ ಕಂಡದ್ದು ಅವರ ಹಿಂದೆ ತಿರುಗಿ.

ಈ ವಿಷಯದ ಪೂರಾ ಪಾಠಕ್ಕೆ ನಮ್ಮ ರಾಗಿ ಹೊಲ ಒಂದೇ ಸಾಕು. ಅತ್ತೆ ರಾಗಿಯನ್ನು ಒಂಟಿಯಾಗಿ ಬಿತ್ತಿಸಿದವರಲ್ಲ. ಆರೇಳು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಬದುವಿನತ್ತ ಹರಳು. ಹಳೇ ಮೈಸೂರಿನ ಒಣಬೇಸಾಯದವರಿಗೆಲ್ಲ ಗೊತ್ತಿರುವ ಸಾಲುಗಳೇ. ಆದರೆ ಅಕ್ಕಪಕ್ಕ ನಿಂತ ಈ ಗಿಡಗಳು ಬೀಜ ಕಟ್ಟುವ ರೀತಿ ಒಂದರಂತೆ ಒಂದಿಲ್ಲ.

ರಾಗಿಗೆ ಹೂವಿದೆ ಎಂಬುದೇ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಹೊಡೆ ಒಡೆದು ತೆನೆ ಹೊರಬಂದಾಗ ಅದರ ಒಂದೊಂದು ಬೆರಳಿನ ಉದ್ದಕ್ಕೂ ಕಿರುತೆನೆಗಳು ಒತ್ತಾಗಿ ಕೂತಿರುತ್ತವೆ, ಕಿರುತೆನೆಯೊಳಗೆ ನಾಲ್ಕಾರು ಹೂವು. ಬೆರಳಿನ ತುದಿಯಿಂದ ಕೆಳಕ್ಕೆ ಬಿರಿಯುತ್ತ ಬರುತ್ತವೆ. ಒಂದು ತೆನೆ ಪೂರಾ ಹೂವಾಗಲು ವಾರಕ್ಕೂ ಮೇಲೆ ಹಿಡಿಯುತ್ತದೆ. ಬಿರಿಯುವುದು ಊರೆಲ್ಲ ಮಲಗಿರುವಾಗ, ನಡುರಾತ್ರಿ ಒಂದರಿಂದ ಬೆಳಗಿನ ಜಾವ ಐದರೊಳಗೆ. ಹೂವು ತೆರೆಯುವ ಹೊತ್ತಿಗೆ ಅದರ ಪರಾಗಕೋಶಗಳು ತಮ್ಮದೇ ಹೂವಿನ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರದ ಮೇಲೆ ಪರಾಗ ಉದುರಿಸಿಬಿಟ್ಟಿರುತ್ತವೆ. ಜೇನು ಬರುವುದು ಬೇಕಿಲ್ಲ, ಗಾಳಿ ಬೀಸುವುದೂ ಬೇಕಿಲ್ಲ. ನೆರೆಗಿಡದ ಪರಾಗದಿಂದ ಕಟ್ಟಿದ ಕಾಳು ನೂರಕ್ಕೆ ಒಂದೂ ಇರುವುದಿಲ್ಲ. ಇದಕ್ಕೆ ಪಠ್ಯಪುಸ್ತಕ ಸ್ವಕೀಯ ಪರಾಗಸ್ಪರ್ಶ ಎನ್ನುತ್ತದೆ.

ಪಕ್ಕದ ಸಾಲಿನ ಹುಚ್ಚೆಳ್ಳು ಇದಕ್ಕೆ ಪೂರ್ತಿ ವಿರುದ್ಧ. ಅದರ ಹಳದಿ ಹೂವಿನ ಮೇಲೆ ಅದರದೇ ಪರಾಗ ಬಿದ್ದರೆ ಶಲಾಕಾಗ್ರ ಅದನ್ನು ಗುರುತು ಹಿಡಿದು ತಡೆಯುತ್ತದೆ, ಒಳಗೆ ಬಿಡುವುದಿಲ್ಲ. ಬೇರೆ ಗಿಡದ ಪರಾಗವೇ ಆಗಬೇಕು. ಅದನ್ನು ತರಲು ತುಡುವೆ, ಕೋಲ್ಜೇನು, ಹೆಜ್ಜೇನು ಬೇಕು. ಹೂವಿನ ಹೊತ್ತಿನಲ್ಲಿ ಸುತ್ತಮುತ್ತ ಔಷಧಿ ಹೊಡೆದು ಜೇನು ಸತ್ತರೆ ಹುಚ್ಚೆಳ್ಳು ಜೊಳ್ಳಾಗುತ್ತದೆ, ರಾಗಿಗೆ ಏನೂ ಆಗುವುದಿಲ್ಲ. ನನಗೆ ಯಾವಾಗಲೂ ಅಚ್ಚರಿಯೆನಿಸುವ ಸಂಗತಿ ಇದು: ಈ ಎರಡೂ ಬಂದದ್ದು ಪೂರ್ವ ಆಫ್ರಿಕದಿಂದ. ಹುಚ್ಚೆಳ್ಳನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಇಥಿಯೋಪಿಯದ ರೈತರು. ರಾಗಿಯನ್ನು ಅಲ್ಲಿಂದ ಉಗಾಂಡದವರೆಗಿನ ಎತ್ತರದ ಸೀಮೆಯವರು. ಸಾವಿರಾರು ವರ್ಷ ಹಿಂದೆ ಕಡಲು ದಾಟಿ ಬಂದು ಇಂದು ನಮ್ಮ ಕೆಮ್ಮಣ್ಣಿನಲ್ಲಿ ಒಂದೇ ಕೂರಿಗೆಯ ಹಿಂದೆ ಹುಟ್ಟುತ್ತವೆ, ಆದರೂ ಒಂದು ತನ್ನೊಳಗೇ ಮುಗಿಸಿಕೊಳ್ಳುತ್ತದೆ, ಇನ್ನೊಂದು ನೆರೆಯವರಿಲ್ಲದೆ ಬಂಜೆ.

ಮಿಕ್ಕವು ಈ ಎರಡರ ನಡುವೆ ಅಲ್ಲಲ್ಲಿ ನಿಲ್ಲುತ್ತವೆ. ಅವರೆ ಮೊಗ್ಗಿರುವಾಗಲೇ ಪರಾಗ ಸುರಿಸಿಕೊಳ್ಳುವ ಜಾತಿ, ಬಹುಪಾಲು ತನ್ನದೇ ಬೀಜ. ತೊಗರಿಯೂ ಮೊಗ್ಗಿನಲ್ಲೇ ಶುರು ಮಾಡುತ್ತದೆ, ಆದರೆ ದುಂಬಿಗಳು ಅದನ್ನು ಬಿಡುವುದಿಲ್ಲ. ಸಾಕಷ್ಟು ಕಾಳು ಅಡ್ಡಹಾಯ್ದು ಕಟ್ಟಿದ್ದಾಗಿರುತ್ತದೆ. ಪಕ್ಕದ ಹೊಲದಲ್ಲಿ ಬೇರೆ ತೊಗರಿ ಇದ್ದರೆ ನಮ್ಮ ಬೀಜ ಎರಡು ಮೂರು ವರ್ಷಕ್ಕೆ ಬಣ್ಣ, ಗಾತ್ರ ಎಲ್ಲ ಕಲಸಿಹೋಗುವುದು ಅದಕ್ಕೇ. ಹರಳಿನಲ್ಲಿ ಒಂದೇ ಗೊನೆಯ ಮೇಲ್ತುದಿಗೆ ಹೆಣ್ಣು ಹೂವು, ಬುಡಕ್ಕೆ ಗಂಡು ಹೂವು. ಗಾಳಿ ಯಾವ ಗಿಡದ್ದನ್ನು ಎಲ್ಲಿಗೆ ಒಯ್ಯುತ್ತದೋ.

ಈಗ ಆ 'ಹೊಸ ರಕ್ತ'ದ ಮಾತಿಗೆ ಬರೋಣ. ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಹೊಸದಲ್ಲ. ಡಾಕ್ಟರುಗಳು ಬೇಡವೆನ್ನುವ ಕಾರಣವೂ ಈಗ ಎಲ್ಲರಿಗೂ ಗೊತ್ತು. ಪ್ರತಿಯೊಬ್ಬರಲ್ಲೂ ಕೆಲವು ದೋಷದ ವಂಶವಾಹಿಗಳು ಅಡಗಿರುತ್ತವೆ. ಜೋಡಿಯ ಇನ್ನೊಂದು ಪ್ರತಿ ಚೆನ್ನಾಗಿರುವವರೆಗೆ ಕೆಟ್ಟದ್ದು ತೋರುವುದಿಲ್ಲ. ಒಂದೇ ಮನೆತನದ ಇಬ್ಬರಿಂದ ಅದೇ ಕೆಟ್ಟ ಪ್ರತಿ ಮಗುವಿಗೆ ಎರಡು ಕಡೆಯಿಂದಲೂ ಬಂದರೆ ಆಗ ಹೊರಬೀಳುತ್ತದೆ. ಗಿಡ ತನ್ನ ಪರಾಗದಿಂದ ತಾನೇ ಬೀಜ ಕಟ್ಟಿದರೆ ನಂಟು ಅದಕ್ಕಿಂತಲೂ ಹತ್ತಿರದ್ದು. ಅಲ್ಲಿ ತಂದೆಯೂ ತಾಯಿಯೂ ಒಂದೇ. ಜೋಡಿಯಲ್ಲಿ ಎರಡು ಬೇರೆ ಬೇರೆ ಪ್ರತಿಗಳಿರುವ ಕಡೆಗಳು ಒಂದೊಂದು ತಲೆಮಾರಿಗೂ ಅರ್ಧರ್ಧ ಕಡಿಮೆಯಾಗುತ್ತ ಹೋಗುತ್ತವೆ. ಮೊದಲು ನೂರಿದ್ದರೆ ಮುಂದಿನ ವರ್ಷ 50, ಆಮೇಲೆ 25, ಆಮೇಲೆ 12.5. ಏಳು ತಲೆಮಾರು ಕಳೆಯುವಷ್ಟರಲ್ಲಿ ನೂರಕ್ಕೆ ಒಂದೂ ಉಳಿಯುವುದಿಲ್ಲ. ಅಷ್ಟು ಹೊತ್ತಿಗೆ ಅಡಗಿದ್ದ ದೋಷಗಳೆಲ್ಲ ಬಯಲಿಗೆ ಬಂದಿರುತ್ತವೆ.

ಇದನ್ನು ಕಣ್ಣಾರೆ ತೋರಿಸುವ ಬೆಳೆ ಮುಸುಕಿನ ಜೋಳ. ತಲೆಯ ಮೇಲೆ ಗಂಡು ಹೂವಿನ ಗೊಂಡೆ, ನಡುವಿನಲ್ಲಿ ಹೆಣ್ಣು ತೆನೆ, ಅದರ ತುದಿಗೆ ರೇಷ್ಮೆಯ ಎಳೆ. ಗಾಳಿ ಬಂದರೆ ಗೊಂಡೆಯ ಪರಾಗ ನೆರೆಗಿಡಗಳ ಎಳೆಗೆ ಹೋಗಿ ಬೀಳುತ್ತದೆ. ಯಾವಾಗಲೂ ಬೆರೆಯುತ್ತಲೇ ಬಂದ ಗಿಡವಾದ್ದರಿಂದ ಅದರೊಳಗೆ ಅಡಗಿದ ದೋಷಗಳ ಮೂಟೆಯೇ ಇದೆ. ಅದಕ್ಕೆ ಚೀಲ ಕಟ್ಟಿ ತನ್ನ ಪರಾಗವನ್ನೇ ತನಗೆ ಕೊಟ್ಟರೆ ಮೂರು ನಾಲ್ಕು ತಲೆಮಾರಿನಲ್ಲಿ ಗಿಡ ಕುಳ್ಳಗಾಗುತ್ತದೆ, ತೆನೆ ಸಣ್ಣದಾಗುತ್ತದೆ, ಹಸಿರೇ ಇಲ್ಲದ ಬಿಳಿ ಮೊಳಕೆ ಹುಟ್ಟಿ ಸಾಯುತ್ತವೆ. ಅಮೆರಿಕದ ಜಾರ್ಜ್ ಶಲ್ 1908ರಲ್ಲಿ ಬರೆದದ್ದು ಇದರ ಮುಂದಿನ ಮಾತು. ಹಾಗೆ ಸೊರಗಿಸಿದ ಎರಡು ಬೇರೆ ಬೇರೆ ಸಾಲುಗಳನ್ನು ಒಂದಕ್ಕೊಂದು ದಾಟಿಸಿದರೆ ಮಕ್ಕಳಲ್ಲಿ ಕಳೆದುಹೋದ ಹುರುಪೆಲ್ಲ ಒಂದೇ ಏಟಿಗೆ ಮರಳುತ್ತದೆ, ಎಲ್ಲ ಗಿಡವೂ ಒಂದೇ ಸಮ ನಿಲ್ಲುತ್ತವೆ. ಒಂದರ ದೋಷವನ್ನು ಇನ್ನೊಂದರ ಒಳ್ಳೆಯ ಪ್ರತಿ ಮುಚ್ಚುತ್ತದೆ. ಹೈಬ್ರಿಡ್ ಜೋಳ ಹುಟ್ಟಿದ್ದು ಹೀಗೆ. ಭಾರತದಲ್ಲಿ ಗಂಗಾ, ರಂಜಿತ್, ಡೆಕ್ಕನ್ ಎಂಬ ಮೊದಲ ಹೈಬ್ರಿಡ್‌ಗಳು ಬಿಡುಗಡೆಯಾದದ್ದು 1961ರಲ್ಲಿ. ಹೈಬ್ರಿಡ್ ಜೋಳದ ಕಾಳನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಆಳೆತ್ತರ, ಇನ್ನೊಂದು ಮೊಣಕಾಲುದ್ದ. ಮುಚ್ಚಿದ್ದ ದೋಷಗಳು ಮತ್ತೆ ಚೆಲ್ಲಾಡುತ್ತವೆ. ಅದು ಬೀಜ ಹಳೆಯದಾದ್ದರಿಂದ ಆದದ್ದಲ್ಲ, ಹೈಬ್ರಿಡ್‌ನ ಸ್ವಭಾವವೇ ಅದು.

ಹಾಗಾದರೆ ರಾಗಿ ಯಾಕೆ ಸೊರಗುವುದಿಲ್ಲ? ಸಾವಿರಾರು ವರ್ಷದಿಂದ ತನ್ನೊಳಗೇ ಬೀಜ ಕಟ್ಟಿಕೊಂಡು ಬಂದಿದೆ. ಪ್ರತಿ ತಲೆಮಾರಿನಲ್ಲೂ ದೋಷ ಅಡಗಿ ಕೂರಲು ಜಾಗವಿಲ್ಲದೆ ಹೊರಬಿದ್ದಿದೆ, ಹೊರಬಿದ್ದ ಗಿಡ ಸತ್ತಿದೆ, ಇಲ್ಲವೆ ರೈತನ ಕೈ ಅದನ್ನು ಬೀಜಕ್ಕೆ ಆರಿಸಿಲ್ಲ. ಹಾಗೆ ಶೋಧಿಸಿ ಶೋಧಿಸಿ ಉಳಿದದ್ದು ನಮ್ಮ ಕಣಜದಲ್ಲಿರುವುದು. ಕಳೆದುಕೊಳ್ಳಲು ಅದರಲ್ಲಿ ಇನ್ನು ಹೆಚ್ಚೇನೂ ಉಳಿದಿಲ್ಲ.

ಇದೇ ಮಾತು ಹೊಗೆಸೊಪ್ಪಿಗೂ. ಈ ಬೆಳೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ದೊಡ್ಡದು, ನನ್ನ ಮನಸ್ಸಿಗೂ ಸಮಾಧಾನವಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರದ ಮಂದಿಗೆ ಬೀಜದ ವಿಷಯ ಹೇಳುವಾಗ ಅದನ್ನು ಬಿಡಲಾಗದು. ಸೊಪ್ಪಿನ ಹೊಲದಲ್ಲಿ ಹೂವನ್ನು ಬೆಳೆಯಲು ಬಿಡುವುದೇ ಇಲ್ಲ. ಮೊಗ್ಗು ಕಂಡ ಕೂಡಲೆ ಕುಡಿ ಮುರಿಯುತ್ತಾರೆ, ಎಲೆಗೆ ಸತ್ವ ಇಳಿಯಲೆಂದು. ಹಾಗಾಗಿ ಹೊಗೆಸೊಪ್ಪು ಬೆಳೆದೇ ಮುದುಕರಾದ ಎಷ್ಟೋ ಜನ ಅದರ ಹೂವಿನ ಒಳಗನ್ನು ನೋಡಿಲ್ಲ. ನಸುಗೆಂಪು ಬಣ್ಣದ ಉದ್ದ ಕೊಳವೆ. ಒಳಗೆ ಐದು ಕೇಸರ, ಅವುಗಳ ಎತ್ತರಕ್ಕೇ ನಿಂತ ಶಲಾಕಾಗ್ರ. ಹೂವು ಬಾಯಿ ಬಿಡುವ ವೇಳೆಗೇ ಪರಾಗ ಅಂಟಿಕೊಂಡಿರುತ್ತದೆ. ಜೇನು ಬಂದು ನೂರಕ್ಕೆ ಕೆಲವನ್ನು ಬೆರೆಸಬಹುದು, ಅಷ್ಟೆ. ಅದಕ್ಕೇ ತಳಿ ಬೀಜ ಬೆಳೆಸುವವರು ಹೂಗೊಂಚಲಿಗೆ ಚೀಲ ಕಟ್ಟುತ್ತಾರೆ. ಒಂದು ಗ್ರಾಂ ತೂಗಿದರೆ 10,000ಕ್ಕೂ ಹೆಚ್ಚು ಬೀಜ; ಚೀಲ ಕಟ್ಟಿದ ಕೆಲವೇ ಗಿಡ ಒಂದು ಊರಿನ ಸಸಿಮಡಿಗೆ ಸಾಕು.

ಹೊಗೆಸೊಪ್ಪಿನ ಹೂವು ವಿಜ್ಞಾನದ ಚರಿತ್ರೆಯಲ್ಲೂ ದೊಡ್ಡ ಹೂವು. ಜರ್ಮನಿಯ ಕೋಲ್‌ರಾಯ್ಟರ್ 1760ರಲ್ಲಿ ಎರಡು ಜಾತಿಯ ಹೊಗೆಸೊಪ್ಪನ್ನು ದಾಟಿಸಿ ಬೇಕೆಂದೇ ಸಂಕರ ಸಸ್ಯ ಹುಟ್ಟಿಸಿದ. ಚಾರ್ಲ್ಸ್ ಡಾರ್ವಿನ್ ಗಿಡಗಳ ಸ್ವಕೀಯ ಮತ್ತು ಪರಕೀಯ ಪರಾಗಸ್ಪರ್ಶವನ್ನು ಹನ್ನೊಂದು ವರ್ಷ ಹೋಲಿಸಿ ನೋಡಿ 1876ರಲ್ಲಿ ದೊಡ್ಡ ಪುಸ್ತಕ ಬರೆದರು. ಹೆಚ್ಚಿನ ಗಿಡಗಳಲ್ಲಿ ದಾಟಿಸಿದ ಮಕ್ಕಳೇ ಬಲಿಷ್ಠ. ಹೊಗೆಸೊಪ್ಪು ಮಾತ್ರ ಅವರನ್ನು ತಬ್ಬಿಬ್ಬು ಮಾಡಿತು: ತನ್ನದೇ ಪರಾಗದಿಂದ ಹುಟ್ಟಿದ ಗಿಡಗಳು ಮೊದಲ ತಲೆಮಾರಿನಲ್ಲಿ ದಾಟಿಸಿದವಕ್ಕಿಂತ ಎತ್ತರ ಬೆಳೆದವು. ಆಮೇಲೆ ಬೇರೆ ಕಡೆಯ, ಬೇರೆ ಮೂಲದ ಗಿಡದಿಂದ ಪರಾಗ ತಂದು ದಾಟಿಸಿದಾಗ ದಾಟಿಸಿದ ಮಕ್ಕಳು ಸ್ಪಷ್ಟವಾಗಿ ಮುಂದಾದವು. ನಮಗೆ ಈಗ ಅದು ಒಗಟಲ್ಲ. ಬಹುಕಾಲ ತನ್ನೊಳಗೇ ಬೀಜ ಕಟ್ಟಿದ ಒಂದೇ ಮೂಲದ ಗಿಡಗಳು ಒಂದರ ಪ್ರತಿ ಇನ್ನೊಂದು. ಅವುಗಳನ್ನು ಪರಸ್ಪರ ದಾಟಿಸಿದರೂ ಹೊಸದೇನೂ ಬೆರೆಯುವುದಿಲ್ಲ. ಹೊಸದು ಬೇಕೆಂದರೆ ದೂರ ಹೋಗಬೇಕು.

ಇಲ್ಲೇ ಇದೆ ಸ್ವಂತ ಬೀಜದ ಬೆಳೆಗಳ ನಿಜವಾದ ಅಪಾಯ. ಅವು ಸೊರಗುವುದಿಲ್ಲ, ಆದರೆ ಬದಲಾಗುವುದೂ ಇಲ್ಲ. ಅಣ್ಣನ ಕಡೆ ಬಹುಕಾಲದಿಂದ ಹೊಲದ ಮೇಲೆ ಹೊಲ ಕಾಂಚನ್ ತಳಿಯೇ. ಎಲೆ ಚೆನ್ನ, ಬಣ್ಣ ಚೆನ್ನ, ಹರಾಜಿನಲ್ಲಿ ಬೆಲೆ ಚೆನ್ನ. ಆದರೆ ಮಣ್ಣಿನಲ್ಲಿ ಫ್ಯುಸೇರಿಯಂ ಸೊರಗು ರೋಗದ ಬೂಷ್ಟು ಹೊಕ್ಕಾಗ ಕಾಂಚನ್‌ನ ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವ ಗಿಡಕ್ಕೂ ಇಲ್ಲ. ಅರ್ಧ ಎಲೆ ಹಳದಿಯಾಗಿ, ಒಂದು ಪಕ್ಕ ಬಾಡಿ, ಸಾಲಿಗೆ ಸಾಲೇ ಕೂತುಬಿಡುವುದನ್ನು ನೋಡಿದವರಿಗೆ ಗೊತ್ತು ಆ ಸಂಕಟ. ಅದಕ್ಕೆ ಉತ್ತರವಾಗಿ ಎಫ್‌ಸಿಎಚ್-222 ಎಂಬ ರೋಗನಿರೋಧಕ ತಳಿ ಬಂದಿತು. ಕಾಂಚನ್ ಬೀಜವನ್ನು ಎಷ್ಟು ಬಾರಿ 'ಹೊಸದು' ತಂದು ಬಿತ್ತಿದರೂ ಈ ರೋಗ ಹೋಗುತ್ತಿರಲಿಲ್ಲ. ಬೇರೆ ವಂಶವೇ ಬರಬೇಕಿತ್ತು. ಹೊಗೆಸೊಪ್ಪಿನ ಮೊಸಾಯಿಕ್ ನಂಜನ್ನು ತಡೆಯುವ ವಂಶವಾಹಿಯನ್ನು ತಳಿ ವಿಜ್ಞಾನಿಗಳು ತಂದದ್ದಂತೂ ನಿಕೋಟಿಯಾನ ಗ್ಲುಟಿನೋಸ ಎಂಬ ಕಾಡು ನಂಟನಿಂದ. ಅಮೆರಿಕದ ಫ್ರಾನ್ಸಿಸ್ ಹೋಮ್ಸ್ 1938ರಲ್ಲಿ ಅದನ್ನು ಬೆಳೆಯೊಳಗೆ ಸೇರಿಸಿದ್ದರು.

ರಾಗಿಗೆ ಈ ಕೆಲಸ ಮಾಡಿದವರ ಹೆಸರು ನಮ್ಮ ಜಿಲ್ಲೆಯ ಪ್ರತಿ ಶಾಲೆಯ ಗೋಡೆಯ ಮೇಲಿರಬೇಕು ಎಂಬುದು ನನ್ನ ಆಸೆ. ಸಿ. ಎಚ್. ಲಕ್ಷ್ಮಣಯ್ಯ, ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯ. 1921ರಲ್ಲಿ ಮೈಸೂರು ಜಿಲ್ಲೆಯ ಹಾರೋಹಳ್ಳಿಯಲ್ಲಿ ಹುಟ್ಟಿದರು, 1993ರಲ್ಲಿ ತೀರಿಕೊಂಡರು. ದುಡಿದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ. ಸಿ. ಫಾರಂನಲ್ಲಿ. ಅವರ ಮುಂದಿದ್ದ ಕಷ್ಟ ಏನೆಂದು ಈಗ ಓದುಗರಿಗೆ ಅರ್ಥವಾದೀತು. ರಾಗಿಗೆ ಹೊಸ ವಂಶ ಸೇರಿಸಬೇಕು, ಆದರೆ ಅದು ಮಧ್ಯರಾತ್ರಿ ತನ್ನೊಳಗೇ ಎಲ್ಲ ಮುಗಿಸಿಬಿಡುವ ಹೂವು. ಅಷ್ಟು ಪುಟ್ಟ ಹೂವಿನಿಂದ ಚಿಮುಟದಲ್ಲಿ ಪರಾಗಕೋಶ ಕೀಳುವುದು ಒಂದು ಹೂವಿಗೆ ಸಾಧ್ಯ, ಒಂದು ತೆನೆಗೆ ಅಸಾಧ್ಯ.

ರಾಗಿಯನ್ನು ದಾಟಿಸಲು ವಿಜ್ಞಾನಿಗಳು ಕಂಡುಕೊಂಡ ದಾರಿಗಳು ಕೆಲವು. ತಾಯಿಗಿಡದ ತೆನೆಯನ್ನು ಸುಮಾರು 52 ಡಿಗ್ರಿ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಇನ್ನೊಂದು, ಹೂವಿಗೆ ಬಂದ ಎರಡು ತೆನೆಗಳನ್ನು ಎದುರುಬದುರು ಕಟ್ಟಿ ಬಿಡುವುದು. ಕೊಯಮತ್ತೂರಿನ ರಂಗಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಹೀಗೆ ಕಟ್ಟಿದಾಗಲೂ ದಾಟಿದ ಕಾಳು ಬೆರಳೆಣಿಕೆಯಷ್ಟು. ಸಾವಿರ ಕಾಳಿನಲ್ಲಿ ಅದನ್ನು ಹುಡುಕುವುದು ಹೇಗೆ? ಗಿಡದ ಗಿಣ್ಣು ಹಸಿರಾಗಿರುವ ತಳಿಯನ್ನು ತಾಯಿಯಾಗಿಯೂ, ಗಿಣ್ಣು ನೇರಳೆ ಬಣ್ಣದ ತಳಿಯನ್ನು ತಂದೆಯಾಗಿಯೂ ಇಟ್ಟರೆ ಸಾಕು. ನೇರಳೆ ಬಣ್ಣ ಹಸಿರನ್ನು ಮರೆಸುತ್ತದೆ. ಬಿತ್ತಿದ ಹಸಿರು ಪೈರಿನ ನಡುವೆ ಎಲ್ಲೋ ಒಂದು ಗಿಡದ ಗಿಣ್ಣು ನೇರಳೆಯಾಗಿ ಕಂಡರೆ ಅದೇ ದಾಟಿದ ಮಗು.

ಲಕ್ಷ್ಮಣಯ್ಯ ಮೊದಲು ಇಲ್ಲಿನ ತಳಿಗಳಿಂದಲೇ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬವನ್ನು ಕೊಟ್ಟರು. ನಂತರ ದೂರದ ನಂಟಿಗೆ ಕೈಚಾಚಿದರು. ಆಫ್ರಿಕದ ರಾಗಿಗೆ ದಪ್ಪ ದಂಟು, ದೊಡ್ಡ ತೆನೆ, ಬೆಂಕಿ ರೋಗ ತಡೆಯುವ ಶಕ್ತಿ. ಆದರೆ ಬಲಿಯಲು ಬಹಳ ದಿನ. ನಮ್ಮದಕ್ಕೆ ಬೇಗ ಬಲಿಯುವ ಗುಣ. ಇವೆರಡನ್ನೂ ದಾಟಿಸಿ ಹುಟ್ಟಿದ್ದೇ ಇಂಡಾಫ್ ತಳಿಗಳ ಸರಣಿ, ಇಂಡಿಯ ಮತ್ತು ಆಫ್ರಿಕ ಎರಡರ ಹೆಸರನ್ನೂ ಹೊತ್ತದ್ದು. 1970ರ ದಶಕದಲ್ಲಿ ಇಂಡಾಫ್ ಹೊಲಕ್ಕೆ ಬಂದಾಗ ಇಳುವರಿ ಕಂಡು ಬೆರಗಾದವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅತ್ತೆ ಇಂಡಾಫ್-5ನ್ನು ಕೊನೆಯವರೆಗೂ ಬಿಡಲಿಲ್ಲ. ನಾವು ಈಗ ಬೆಳೆಯುವ ಜಿಪಿಯು-28, ಕುತ್ತಿಗೆ ಬೆಂಕಿ ರೋಗಕ್ಕೆ ಜಗ್ಗದ ತಳಿ, ಅದೂ ಇಂಡಾಫ್-5 ಮತ್ತು ಇಂಡಾಫ್-9ರ ವಂಶದ್ದೇ.

ಗಮನಿಸಬೇಕಾದ್ದು ದಾಟಿಸಿದ ಮೇಲೆ ಏನಾಯಿತು ಎಂಬುದು. ದಾಟಿದ ಗಿಡದ ಮಕ್ಕಳಲ್ಲಿ ನಾನಾ ಬಗೆ. ಅದರಲ್ಲಿ ಒಳ್ಳೆಯದನ್ನು ಆರಿಸಿ ತೆನೆ ತೆನೆಯಾಗಿ ಬಿತ್ತುತ್ತ ಹೋಗಬೇಕು. ಆಗ ರಾಗಿಯ ಅದೇ ಹಟದ ಸ್ವಭಾವ ವಿಜ್ಞಾನಿಯ ಕೈಹಿಡಿಯುತ್ತದೆ. ಆರೇಳು ತಲೆಮಾರು ತನ್ನೊಳಗೇ ಬೀಜ ಕಟ್ಟಿಕೊಂಡು ಆ ಗುಣಗಳನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದೆ. ಒಬ್ಬ ಮನುಷ್ಯ ಮಂಡ್ಯದಲ್ಲಿ ಕಷ್ಟಪಟ್ಟು ಒಮ್ಮೆ ಮಾಡಿದ ಕೆಲಸವನ್ನು ಹುಣಸೂರಿನ ರೈತ ಒಂದು ಸೇರು ಬೀಜ ತಂದು ಜೀವಮಾನವಿಡೀ ಇಟ್ಟುಕೊಳ್ಳಬಹುದಾದದ್ದು ಅದರಿಂದ. ಹೈಬ್ರಿಡ್ ಜೋಳವನ್ನು ಹಾಗೆ ಇಟ್ಟುಕೊಳ್ಳಲಾಗದು. ರಾಗಿ ಬಡವರ ಬೆಳೆಯಾಗಿ ಉಳಿದದ್ದರಲ್ಲಿ ಈ ಪುಟ್ಟ ಹೂವಿನ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಭತ್ತವೂ ರಾಗಿಯ ಹಾದಿಯದೇ. ತಂಗಿಯ ಮನೆಯಲ್ಲಿ ಊಟಕ್ಕೆಂದು ಒಂದು ತಾಕಿನಲ್ಲಿ ರಾಜಮುಡಿ, ಮಾರಾಟಕ್ಕೆ ಬೇರೆ ತಳಿ, ನಡುವೆ ಒಂದು ಬದು ಮಾತ್ರ. ರಾಜಮುಡಿ ರಾಜಮುಡಿಯಾಗಿಯೇ ಉಳಿದಿದೆ. ಬೀಜ ಪ್ರಮಾಣೀಕರಣದ ನಿಯಮ ಭತ್ತಕ್ಕೂ ರಾಗಿಗೂ ತಳಿ ತಳಿಯ ನಡುವೆ ಕೇಳುವ ಅಂತರ 3 ಮೀಟರ್. ಮುಸುಕಿನ ಜೋಳದ ಸಾಧಾರಣ ತಳಿಗೇ ಅದು 200 ಮೀಟರ್. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಒಂದೇ ಜಮೀನಿನಲ್ಲಿ ಪಟ್ಟಿ ಪಟ್ಟಿಯಾಗಿ ಬೆಳೆದು ಉಳಿಸಿಕೊಂಡಿರುವುದು ಅವರ ಶ್ರದ್ಧೆಯಿಂದ. ಅದು ಸಾಧ್ಯವಾಗಿರುವುದು ಭತ್ತದ ಹೂವಿನ ಸ್ವಭಾವದಿಂದ. ನೂರು ಬಗೆಯ ಜೋಳವನ್ನು ಹಾಗೆ ಬೆಳೆದರೆ ಎರಡನೇ ವರ್ಷಕ್ಕೆ ಎಲ್ಲ ಒಂದೇ ಕಲಸುಮೇಲೋಗರ.

ಭತ್ತದಲ್ಲಿ ಹೈಬ್ರಿಡ್ ಇಲ್ಲವೆಂದಲ್ಲ. ಚೀನಾದ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ 1970ರಲ್ಲಿ ಹೈನಾನ್ ದ್ವೀಪದಲ್ಲಿ ಪರಾಗವೇ ಸತ್ತ ಒಂದು ಕಾಡು ಭತ್ತದ ಗಿಡ ಸಿಕ್ಕಿತು. ತನ್ನದೇ ಪರಾಗವಿಲ್ಲದ ಗಿಡ ನೆರೆಯವರ ಪರಾಗವನ್ನು ಒಪ್ಪಿಕೊಳ್ಳಲೇಬೇಕಲ್ಲ. ಹೈಬ್ರಿಡ್ ಭತ್ತಕ್ಕೆ ಅದೇ ಬುನಾದಿ. ಮಂಡ್ಯದಿಂದಲೇ ಕೆಆರ್‌ಎಚ್-2 ಹೈಬ್ರಿಡ್ 1996ರಲ್ಲಿ ಬಂದಿತು. ಅದನ್ನು ಹಾಕುವವರು ಪ್ರತಿ ಸಲವೂ ಬೀಜ ಕೊಳ್ಳಬೇಕು. ಹತ್ತಿಯಲ್ಲೂ ಹೀಗೇ. ಕೋಟೆ ಕಡೆಯ ಹತ್ತಿ ತನ್ನೊಳಗೇ ಬೀಜ ಕಟ್ಟಬಲ್ಲ ಗಿಡ. ಆದರೆ 1972ರಲ್ಲಿ ಧಾರವಾಡದ ಬಿ. ಎಚ್. ಕಟರ್ಕಿಯವರು ಕೊಟ್ಟ ವರಲಕ್ಷ್ಮಿಯಿಂದ ಹಿಡಿದು ಹೈಬ್ರಿಡ್ ಹತ್ತಿಯದೇ ಕಾಲ. ಸಂಜೆ ಮೊಗ್ಗಿನ ಪರಾಗಕೋಶಗಳನ್ನು ಉಗುರಿನಲ್ಲಿ ಕಿತ್ತು, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವು ತಂದು ಸವರುವ ಆ ಕೆಲಸವನ್ನು ರಾಣೆಬೆನ್ನೂರಿನ ಸುತ್ತ ಸಾವಿರಾರು ಹೆಣ್ಣುಮಕ್ಕಳು ಮಾಡುತ್ತ ಬಂದಿದ್ದಾರೆ. ಹತ್ತಿ ಬೀಜದ ಪೊಟ್ಟಣದ ಬೆಲೆಯಲ್ಲಿ ಅವರ ಬೆರಳಿನ ದುಡಿಮೆಯೂ ಇದೆ.

ಇನ್ನು ರಾಗಿ ಬೀಜ ಕೆಡುವುದಂತೂ ನಿಜ. ಅಂಗಡಿ ಮುಂದಿನ ಮಾತು ಪೂರ್ತಿ ಸುಳ್ಳೇನಲ್ಲ. ಕೃಷಿ ಇಲಾಖೆಯೂ ಮೂರು ನಾಲ್ಕು ವರ್ಷಕ್ಕೊಮ್ಮೆ ಬೀಜ ಬದಲಾಯಿಸಿ ಎನ್ನುತ್ತದೆ. ಆದರೆ ಕೆಡುವುದು ಹೂವಿನಲ್ಲಲ್ಲ, ಕಣದಲ್ಲಿ. ನಮ್ಮ ಕಡೆ ಕಣ ಮಾಡುವವರೇ ಕಡಿಮೆಯಾಗಿದ್ದಾರೆ. ಸುಗ್ಗಿಯಲ್ಲಿ ಮೆದೆ ಕಿತ್ತು ಟಾರ್ ರಸ್ತೆಯ ಮೇಲೆ ಹರಡುತ್ತೇವೆ, ಹೋಗಿ ಬರುವ ಲಾರಿ ಬಸ್ಸುಗಳ ಗಾಲಿಯೇ ಒಕ್ಕಣೆ. ನಮಗಿಂತ ಮುಂಚೆ ಅಲ್ಲಿ ಒಕ್ಕಿದವರ ಕಾಳು ಬಿರುಕಿನಲ್ಲಿ ಕೂತಿರುತ್ತದೆ. ಬಾಡಿಗೆ ಯಂತ್ರ ಬಂದರೆ ಹಿಂದಿನ ಊರಿನ ಕಾಳು ಅದರ ಹೊಟ್ಟೆಯಲ್ಲೇ ಇರುತ್ತದೆ. ಹೀಗೆ ಸೇರಿದ ಬೆರಕೆ ವರ್ಷಕ್ಕಿಷ್ಟು ಹೆಚ್ಚಿ, ಒಂದು ತೆನೆ ಬಲಿತಾಗ ಇನ್ನೊಂದು ಹಸಿರಾಗಿರುವ ಹೊಲ ಸಿದ್ಧವಾಗುತ್ತದೆ. ರೋಗ ಹತ್ತಿದ ತೆನೆಯ ಕಾಳೂ ಅದರಲ್ಲೇ ಬೆರೆಯುತ್ತದೆ. ಇದಕ್ಕೆ 'ವಂಶ ದಣಿಯಿತು' ಎಂದು ಹೆಸರಿಟ್ಟರೆ ಔಷಧವೂ ತಪ್ಪಾಗುತ್ತದೆ.

ಅತ್ತೆ ಮಾಡುತ್ತಿದ್ದದ್ದು, ಈಗ ನಾನು ಮಾಡುತ್ತಿರುವುದು ಇಷ್ಟೇ. ತೆನೆ ಹೊರಬರುವಾಗ ಒಮ್ಮೆ, ಬಲಿಯುವ ಮುಂಚೆ ಇನ್ನೊಮ್ಮೆ ಹೊಲದೊಳಗೆ ಹೋಗಿ ಎತ್ತರದಲ್ಲೋ ಬಣ್ಣದಲ್ಲೋ ತೆನೆಯ ಕಟ್ಟಿನಲ್ಲೋ ಬೇರೆಯಾಗಿ ಕಂಡದ್ದನ್ನು ಬುಡಸಹಿತ ಕೀಳುವುದು. ಕುಯ್ಲಿಗೆ ಮುಂಚೆ ಹೊಲದ ನಡುಭಾಗದಿಂದ ಬೆಂಕಿ ರೋಗ ಸೋಕದ, ತೆಂಡೆ ಚೆನ್ನಾಗಿ ಒಡೆದ ಗಿಡಗಳ ತೆನೆಯನ್ನು ಕೈಯಲ್ಲೇ ಮುರಿದು ತರುವುದು. ಅದನ್ನು ರಸ್ತೆಗೆ ಒಯ್ಯದೆ ಮನೆಯಂಗಳದಲ್ಲಿ ಕೋಲಿನಿಂದ ಬಡಿದು, ಒಣಗಿಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಕಟ್ಟಿಡುವುದು. ಹೀಗೆ ಇಟ್ಟ ಬೀಜ ನೆರೆಯವರೂ ಕೇಳಿ ಒಯ್ಯುತ್ತಾರೆ. ಅದಕ್ಕೆ ಕಾನೂನಿನ ಬಲವೂ ಇದೆ: ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು; ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. ಹೊಸ ತಳಿ ಬಂದು ಅದು ನಿಜವಾಗಿ ರೋಗ ತಡೆಯುತ್ತದೆಂದರೆ ಒಮ್ಮೆ ದುಡ್ಡು ಕೊಟ್ಟು ತನ್ನಿ, ಮತ್ತೆ ಇದೇ ರೀತಿ ಇಟ್ಟುಕೊಳ್ಳಿ.

ಹುಚ್ಚೆಳ್ಳಿಗೆ ಈ ಲೆಕ್ಕ ನಡೆಯುವುದಿಲ್ಲ. ಒಂದೆರಡು ಚಂದದ ಗಿಡ ಆರಿಸಿ ಅದರ ಬೀಜವನ್ನಷ್ಟೇ ಇಟ್ಟರೆ ಮುಂದಿನ ವರ್ಷ ಎಲ್ಲವೂ ಒಡಹುಟ್ಟಿದವಾಗಿ, ಒಂದರ ಪರಾಗವನ್ನು ಇನ್ನೊಂದು ಒಪ್ಪದೆ ಜೊಳ್ಳು ಹೆಚ್ಚುತ್ತದೆ. ಅದಕ್ಕೆ ಅತ್ತೆ ಎಲ್ಲ ಸಾಲುಗಳಿಂದ, ಹೊಲದ ನಾಲ್ಕೂ ಮೂಲೆಯಿಂದ ಒಂದೊಂದು ಹಿಡಿ ಕೂಡಿಸಿ, ಪಕ್ಕದ ಎರಡು ಮೂರು ಮನೆಯವರ ಬೀಜದ ಜೊತೆ ಬೆರೆಸಿ ಇಡುತ್ತಿದ್ದರು. ನಾವು ಈಗಲೂ ಹಾಗೇ ಮಾಡುತ್ತೇವೆ. ಅಕ್ಕಡಿ ಸಾಲು ಬಿಟ್ಟು ರಾಗಿಯೊಂದನ್ನೇ ಬಿತ್ತುವ ಮನೆ ಹೆಚ್ಚಾದಂತೆ ಹುಚ್ಚೆಳ್ಳಿನ ಬೀಜ ಬೆರೆಸಲು ನೆರೆಯವರೇ ಸಿಗದಂತಾಗಿದೆ. ಹೋದ ಸುಗ್ಗಿಯಲ್ಲಿ ಅದಕ್ಕೆಂದು ಕೋಟೆಯ ನಂಟರ ಮನೆಗೆ ಹೋಗಿ ಕೇಳಿ ತಂದೆ, ನಮ್ಮದನ್ನು ಅವರಿಗೂ ಕೊಟ್ಟು ಬಂದೆ.